ಸಾಲವಿದ್ದಾಗ ಅಕ್ಕನ ಮನೆಯಲ್ಲಿ

ಬೇಳೆ ಪೂರ್ತಿ ಬೇಯುವುದಕ್ಕೆ ಸ್ವಲ್ಪ ಮುಂಚೆಯೇ ಒಲೆ ಆರಿಸಿ, ಪಾತ್ರೆಗೆ ತಟ್ಟೆ ಮುಚ್ಚಿ, ತಟ್ಟೆಯ ಮೇಲೆ ಹಳೆಯ ಟವೆಲ್ ಒಂದನ್ನು ಮಡಿಸಿ ಹಾಕುವ ಅಭ್ಯಾಸ ನನಗಿದೆ. ಉಳಿದದ್ದು ತನ್ನ ಬಿಸಿಯಲ್ಲಿ ತಾನೇ ಬೆಂದುಕೊಳ್ಳುತ್ತದೆ. ಇದರಿಂದ ತಿಂಗಳಿಗೆ ಎಷ್ಟು ಗ್ಯಾಸ್ ಉಳಿಯುತ್ತದೆ ಎಂದು ಕೇಳಬೇಡಿ, ನಾನು ಲೆಕ್ಕ ಹಾಕಿಲ್ಲ. ಮೊನ್ನೆ ನನ್ನ ಮಗಳು ಯಾಳಿನಿ ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡಿ, ಈಗ ಯಾಕಮ್ಮ ಇದೆಲ್ಲ ಎಂದು ತಮಿಳಿನಲ್ಲಿ ಕೇಳಿದಳು.

ನಿಜವೇ. ಈಗ ಯಾಕೆ? ಈಗ ನಮಗೆ ಸಾಲವಿಲ್ಲ. ತಿಂಗಳ ಕೊನೆಯಲ್ಲೂ ಮನೆಯಲ್ಲಿ ಹಾಲಿರುತ್ತದೆ, ಫೋನ್ ಬಡಿದುಕೊಂಡರೆ ಎದೆ ಬಡಿದುಕೊಳ್ಳುವುದಿಲ್ಲ. ಆದರೆ ಹೇಳಿದರೆ ನಗುತ್ತೀರಿ, ಆ ಟವೆಲ್ ಹಿಡಿದು ನಿಂತವಳಿಗೆ ನಮ್ಮ ಸಾಲದ ದಿನಗಳು, ಬಿಟ್ಟುಬಂದ ಊರು ನೆನಪಾಗುವ ಹಾಗೆ ನೆನಪಾದವು.

ನಾವಿರುವುದು ತೇನಿಯಲ್ಲಿ. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತಮಿಳು. ನೀವು ಪುಸ್ತಕದಲ್ಲಿ ಓದುವ ಕನ್ನಡವಲ್ಲ ನಮ್ಮದು. ಯಾವ ಕಾಲದಲ್ಲೋ ನಮ್ಮ ಹಿರಿಯರು ದನಕರು ಹೊಡೆದುಕೊಂಡು ಈ ಕಡೆ ಬರುವಾಗ ಜತೆಗೆ ತಂದದ್ದು, ಆಮೇಲೆ ತಮಿಳಿನ ಪಕ್ಕ ಕೂತು ಉಂಡು ಬೆಳೆದದ್ದು. ಸಾಲಕ್ಕೆ ನಾವು ಕಡನ್ ಎನ್ನುತ್ತೇವೆ, ಬಾಡಿಗೆಗೆ ವಾಡಗೆ. ಅಕ್ಕನ ಗಂಡ ನಮಗೆ ಮಾಮ, ನನ್ನ ಗಂಡ ಅಕ್ಕನಿಗೆ ತಂಬಿ. ಮಹೇಶ್ವರಿ ಎಂಬ ನನ್ನ ಹೆಸರು ಅಕ್ಕನ ಬಾಯಲ್ಲಿ ಮಗೇಸು. ಈಗ ಬರೆಯುತ್ತಿರುವ ಈ ಅಕ್ಷರಗಳನ್ನು ನಾನು ಕಲಿತದ್ದೇ ದೊಡ್ಡವಳಾದ ಮೇಲೆ, ಹಟ ಹಿಡಿದು. ತಪ್ಪುಗಳಿದ್ದರೆ ನಮ್ಮೂರಿನ ಲೆಕ್ಕಕ್ಕೆ ಬರೆದುಕೊಳ್ಳಿ.

ನನ್ನ ಗಂಡ ಸೆಂದಿಲ್ ಒಂದು ಬೈಕ್ ಶೋರೂಮಿನಲ್ಲಿ ಮಾರಾಟದ ಕೆಲಸದಲ್ಲಿದ್ದಾರೆ. ನಾನು ಒಂದು ಖಾಸಗಿ ಶಾಲೆಯಲ್ಲಿ ಚಿಕ್ಕ ಮಕ್ಕಳಿಗೆ ಪಾಠ ಹೇಳುತ್ತೇನೆ. ಇಬ್ಬರ ಸಂಬಳ ಸೇರಿದರೆ ಮನೆ ನಡೆಯುತ್ತದೆ, ಓಡುವುದಿಲ್ಲ. ನಾವು ಅದನ್ನು ಓಡಿಸಲು ಹೋದೆವು.

ಯಾವ ದೊಡ್ಡ ಆಪತ್ತೂ ಬಂದಿರಲಿಲ್ಲ. ಆಪರೇಷನ್ ಇಲ್ಲ, ಮದುವೆ ಇಲ್ಲ, ಯಾರೂ ನಮಗೆ ಮೋಸ ಮಾಡಲಿಲ್ಲ. ಹಾಗೇನಾದರೂ ಇದ್ದಿದ್ದರೆ ಹೇಳಿಕೊಳ್ಳುವುದಕ್ಕಾದರೂ ಆಗುತ್ತಿತ್ತು. ಮೊದಲು ಒಂದು ಫ್ರಿಜ್ ಬಂತು, ಬಡ್ಡಿಯಿಲ್ಲದ ಕಂತಿನಲ್ಲಿ. ಒಬ್ಬಂಟಿಯಾಗಿ ನಿಂತ ಫ್ರಿಜ್ ನೋಡಿ ಬೇಸರವಾಗಿ ಸೋಫಾ ಬಂತು. ಸೋಫಾದ ಮೇಲೆ ಕೂತು ನೋಡಲು ದೊಡ್ಡ ಟಿವಿ ಬಂತು. ಶಾಲೆಯ ಫೀಸು, ದೀಪಾವಳಿಯ ಬಟ್ಟೆ, ಕೊಡೈಕೆನಾಲಿನಲ್ಲಿ ಎರಡು ದಿನ. ಒಮ್ಮೆ ಸೆಂದಿಲ್ ಕೆಲಸದ ಮೀಟಿಂಗಿಗೆಂದು ದಿಂಡುಕ್ಕಲ್‌ಗೆ ಹೋದವರು, ಜತೆಗಿದ್ದವರಿಗೆಲ್ಲ ಬಿರಿಯಾನಿ ಕೊಡಿಸಿ ಗತ್ತಿನಿಂದ ಕಾರ್ಡ್ ಉಜ್ಜಿ ಬಂದರು. ಆ ಬಿರಿಯಾನಿ ತಿಂದವರಿಗೆ ಅದು ಮರುದಿನವೇ ಮರೆತುಹೋಗಿರಬೇಕು. ನಾವು ಮುಂದಿನ ವರ್ಷವೂ ಅದರ ಬಡ್ಡಿ ಕಟ್ಟುತ್ತಿದ್ದೆವು.

ನನ್ನ ಬುದ್ಧಿವಂತಿಕೆಯೂ ಕಡಿಮೆಯದಲ್ಲ. ಬಿಲ್ಲಿನಲ್ಲಿ ಕಟ್ಟಬೇಕಾದ ಪೂರ್ತಿ ಮೊತ್ತದ ಪಕ್ಕದಲ್ಲೇ, ಕನಿಷ್ಠ ಇಷ್ಟು ಕಟ್ಟಿದರೂ ಸಾಕು ಎಂದು ಒಂದು ಪುಟ್ಟ ಮೊತ್ತ ಇರುತ್ತದಲ್ಲ, ಅದನ್ನು ನೋಡಿ ಬ್ಯಾಂಕಿನವರಿಗೆ ನಮ್ಮ ಮೇಲೆ ಎಷ್ಟು ಕರುಣೆ ಎಂದುಕೊಂಡಿದ್ದೆ. ತಿಂಗಳು ತಪ್ಪದೆ ಆ ಪುಟ್ಟ ಮೊತ್ತ ಕಟ್ಟಿ, ನಾವು ನಾಣಯಸ್ಥರು, ಕೊಟ್ಟ ಮಾತಿಗೆ ತಪ್ಪದವರು ಎಂದು ಬೀಗುತ್ತಿದ್ದೆ. ಕಟ್ಟಿದಷ್ಟೂ ಸಾಲ ಬೆಳೆಯುತ್ತಿತ್ತು. ಒಂದು ಕಾರ್ಡಿಗೆ ಕಟ್ಟಲು ಇನ್ನೊಂದರಿಂದ ನಗದು ತೆಗೆದೆವು, ಆ ಇನ್ನೊಂದಕ್ಕಾಗಿ ಮತ್ತೊಂದು ಕಾರ್ಡ್ ಮಾಡಿಸಿದೆವು. ಅಷ್ಟರಲ್ಲಿ ಶೋರೂಮಿನಲ್ಲಿ ವ್ಯಾಪಾರ ಕುಗ್ಗಿ ಸೆಂದಿಲ್‌ಗೆ ಬರುತ್ತಿದ್ದ ಕಮಿಷನ್ ನಿಂತಿತು. ಆಮೇಲೆ ಪುಟ್ಟ ಮೊತ್ತವನ್ನೂ ಕಟ್ಟಲಾಗಲಿಲ್ಲ. ಫೋನುಗಳು ಶುರುವಾದವು. ಪಾಠ ಮಾಡುವಾಗ, ಬಸ್ಸಿನಲ್ಲಿ, ದೇವಸ್ಥಾನದಲ್ಲಿ. ಒಮ್ಮೆ ಶಾಲೆಯ ಆಫೀಸಿಗೇ ಮಾಡಿದರು. ಮುಖ್ಯೋಪಾಧ್ಯಾಯಿನಿ ನನ್ನನ್ನು ಕರೆದು ಏನೂ ಕೇಳದೆ, ಕುಡಿಯಲು ನೀರು ಕೊಟ್ಟರು. ಕೇಳಿಬಿಟ್ಟಿದ್ದರೆ ಚೆನ್ನಾಗಿತ್ತು.

ಅಕ್ಕನಿಗೆ ಇದ್ಯಾವುದೂ ಗೊತ್ತಿರಲಿಲ್ಲ. ಅಕ್ಕ ಅಂದರೆ ರಾಜೇಶ್ವರಿ, ನನಗಿಂತ ಹನ್ನೆರಡು ವರ್ಷ ದೊಡ್ಡವಳು. ಚಿನ್ನಮನೂರಿನ ಹತ್ತಿರ ಮಾರ್ಕಯನ್‌ಕೋಟ್ಟೈಯಲ್ಲಿ ಅವಳ ಮನೆ. ಅಳಗರ್ ಮಾಮ ಅಲ್ಲಿ ಒಂದಿಷ್ಟು ಭತ್ತ, ಒಂದಿಷ್ಟು ಬೀಟ್‌ರೂಟ್ ಬೆಳೆಯುತ್ತಾರೆ. ಅವರ ಒಬ್ಬಳೇ ಮಗಳು ಮದುವೆಯಾಗಿ ದಿಂಡುಕ್ಕಲ್‌ನಲ್ಲಿದ್ದಾಳೆ. ಅಕ್ಕ ಒಂದು ಶನಿವಾರ ಕಣ್ಣಿನ ಪರೀಕ್ಷೆಗೆಂದು ತೇನಿಗೆ ಬಂದು, ನೀವು ನುಗ್ಗೆ ಎನ್ನುವ ಮುರುಂಗೆ ಸೊಪ್ಪಿನ ಒಂದು ಕಟ್ಟಿನೊಂದಿಗೆ ನಮ್ಮ ಮನೆಯ ಜಗಲಿಯಲ್ಲಿ ಕೂತಿದ್ದಳು. ಸೆಂದಿಲ್ ಕೆಲಸಕ್ಕೆ ಹೋಗಿದ್ದರು. ನಾನು ಒಳಗೆ ಕಾಫಿ ಮಾಡುತ್ತಿದ್ದೆ. ಆಗ ಹೆಲ್ಮೆಟ್ ಕೈಯಲ್ಲಿ ಹಿಡಿದು ವಸೂಲಿಯವನು ಬಂದ.

ನಾನು ಹೊರಗೆ ಬರುವಷ್ಟರಲ್ಲಿ ಅಕ್ಕ ಅವನನ್ನು ಕೂರಿಸಿ, ತಾನು ದಾರಿಗೆಂದು ತಂದಿದ್ದ ಮಜ್ಜಿಗೆಯಲ್ಲಿ ಒಂದು ಲೋಟ ಕೊಟ್ಟಾಗಿತ್ತು. ಅವನು ಕುಡಿಯುತ್ತಾ ತಮಿಳಿನಲ್ಲಿ ಎಲ್ಲವನ್ನೂ ಹೇಳಿದ. ಮೂರು ಕಾರ್ಡು, ಎಷ್ಟೋ ತಿಂಗಳಿಂದ ಕಟ್ಟಿಲ್ಲ, ಫೋನ್ ಎತ್ತುವುದಿಲ್ಲ. ಅಕ್ಕ ಅವನ ಕಡೆಗೇ ನಗುಮುಖ ಇಟ್ಟುಕೊಂಡು, ಅವನಿಗೆ ತಿಳಿಯದ ನಮ್ಮ ಮಾತಿನಲ್ಲಿ ನನ್ನನ್ನು ಕೇಳಿದಳು.

"ಮಗೇಸು, ಇವ್ನು ಅನ್ನದು ನೆಜನಾ?"

"ಊಂ."

"ಒಟ್ಟು ಎಷ್ಟು ಕಡನ್?"

ಆ ಮೊತ್ತವನ್ನು ನಾನು ಅಲ್ಲಿಯವರೆಗೆ ಯಾರೆದುರೂ ಬಾಯಿಬಿಟ್ಟು ಹೇಳಿರಲಿಲ್ಲ. ನಾನು ಮತ್ತು ಸೆಂದಿಲ್ ಕೂಡ ಅದನ್ನು ಮಾತಿನಲ್ಲಿ ತರದೆ, ಫೋನಿನಲ್ಲಿ ತೋರಿಸಿಕೊಂಡು ಸುಮ್ಮನಾಗುತ್ತಿದ್ದೆವು.

"ನಾಕು ಲಕ್ಷ. ಮೇಲೆ ಚಿಲ್ರೆ."

"ಚಿಲ್ರೆ ಅಂದ್ರೆ?"

"ಮೂವತ್ತು ಸಾವ್ರ."

"ಆ ಚಿಲ್ರೆಗೆ ನಮ್ಮೂರಾಗೆ ಒಂದು ಎಮ್ಮೆ ಬತ್ತದೆ," ಎಂದಳು ಅಕ್ಕ. ಮುಖದ ನಗು ಹಾಗೆಯೇ ಇತ್ತು. ವಸೂಲಿಯವನೂ ನಮ್ಮಿಬ್ಬರನ್ನು ನೋಡಿ ಮರ್ಯಾದೆಗೆ ನಕ್ಕ. ಮುಂದಿನ ವಾರ ನಾವೇ ಬ್ಯಾಂಕಿಗೆ ಬರುತ್ತೇವೆ ಎಂದು ಅಕ್ಕ ಅವನಿಗೆ ತಮಿಳಿನಲ್ಲಿ ಮಾತು ಕೊಟ್ಟು ಕಳಿಸಿದಳು. ಅವನ ಬೈಕ್ ತಿರುವು ದಾಟುವವರೆಗೆ ನೋಡಿ, ಆಮೇಲೆ ನನ್ನ ಕಡೆ ತಿರುಗಿದಳು. ಬೈಯುತ್ತಾಳೆಂದು ನಾನು ತಲೆ ಬಗ್ಗಿಸಿ ನಿಂತಿದ್ದೆ.

"ಈ ಮನೆಗೆ ವಾಡಗೆ ಎಷ್ಟು?"

ಹೇಳಿದೆ.

"ನಮ್ಮನೇಲಿ ಎರಡು ರೂಮು ಸುಮ್ಕೆ ಕೆಡದವೆ. ಒಂದ್ರಾಗೆ ಈರುಳ್ಳಿ, ಒಂದ್ರಾಗೆ ನಿಮ್ ಮಾಮನ ಪಂಪ್‌ಸೆಟ್ ಸಾಮಾನು. ಈರುಳ್ಳಿ ಎತ್ತಿ ಆಚೆ ಆಕ್ತೀನಿ. ನಂಗೆ ಕೊಡಕ್ಕೆ ದುಡ್ಡಿಲ್ಲ, ಜಾಗ ಐತೆ. ಬಂದ್ಬಿಡಿ."

"ಅವ್ರು ಒಪ್ಪಬೇಕಲ್ಲಕ್ಕ."

"ಒಪ್ದಿದ್ರೆ ತಂಬಿ ಇಲ್ಲೇ ಇರ್ಲಿ. ಬ್ಯಾಂಕ್‌ನೋರು ಬಂದಾಗ ಮಜ್ಜಿಗೆ ಕೊಡಕ್ಕೆ ಒಬ್ರು ಬೇಕಲ್ಲ."

ನಾನು ನಗುತ್ತಾ ಅತ್ತೆ. ಅಳುತ್ತಾ ನಕ್ಕೆ ಎಂದರೂ ಸರಿ.

ಸೆಂದಿಲ್ ಒಪ್ಪಲು ಎರಡು ವಾರ ಬೇಕಾಯಿತು. ಹೆಂಡತಿಯ ಅಕ್ಕನ ಮನೆಯಲ್ಲಿ ಹೋಗಿ ಇರುವ ಗಂಡಸಿನ ಬಗ್ಗೆ ಜನ ಏನೆನ್ನುತ್ತಾರೆ ಎಂಬುದು ಅವರ ಚಿಂತೆ. ಕೊನೆಗೆ ನಾವಿಬ್ಬರೂ ಅಕ್ಕ ಕೊಟ್ಟ ಮಾತಿಗಿಂತ ಒಂದು ವಾರ ತಡವಾಗಿ ಬ್ಯಾಂಕಿಗೆ ಹೋದೆವು. ಅಲ್ಲಿಯ ಅಧಿಕಾರಿಣಿ ಎಲ್ಲ ಕಾರ್ಡುಗಳ ಬಾಕಿಯನ್ನೂ ಸೇರಿಸಿ, ಕಡಿಮೆ ಬಡ್ಡಿಯ ಒಂದೇ ಸಾಲವಾಗಿ ಮಾಡಿಕೊಡಬಹುದು ಎಂದರು. ಆದರೆ ತಿಂಗಳ ಕಂತು ದೊಡ್ಡದು, ಒಂದೂ ತಪ್ಪಬಾರದು, ಕಟ್ಟುತ್ತೀರಾ ಎಂದು ಕೇಳಿದರು. ಮನೆ ಬಾಡಿಗೆ ಇಲ್ಲದಿದ್ದರೆ ಕಟ್ಟಬಹುದು ಎಂದು ಇಬ್ಬರಿಗೂ ಒಟ್ಟಿಗೇ ಹೊಳೆಯಿತು. ಸೆಂದಿಲ್ ನನ್ನ ಮುಖ ನೋಡಿದರು. ಕಟ್ಟುತ್ತೇವೆ ಎಂದರು.

ಟಿವಿ ಮಾರಿದೆವು, ಬೈಕ್ ಮಾರಿದೆವು. ಸೋಫಾವನ್ನು ಯಾರೂ ಕೊಳ್ಳಲಿಲ್ಲ. ಅದೂ ಫ್ರಿಜ್ಜೂ ನಮ್ಮ ಜತೆ ಮಿನಿ ಲಾರಿಯಲ್ಲಿ ಮಾರ್ಕಯನ್‌ಕೋಟ್ಟೈಗೆ ಬಂದವು. ಅಕ್ಕನ ಮನೆಯ ಬಾಗಿಲಲ್ಲಿ ಸೋಫಾ ತೂರಲಿಲ್ಲ, ಜಗಲಿಯಲ್ಲೇ ಉಳಿಯಿತು. ಮಾಮ ಗದ್ದೆಯಿಂದ ಬಂದವರು ಅದರ ಅಂಚಿನಲ್ಲಿ ಕೂರುವ ಮುಂಚೆ, "ಮಗೇಸು, ಇದು ಯಾವ ಕಾರ್ಡ್‌ದಮ್ಮ? ಕೂತ್ರೆ ಬಡ್ಡಿ ಏರಲ್ವಲ್ಲ?" ಎಂದು ದಿನಾ ಕೇಳುವರು. ಮೊದಮೊದಲು ಸೆಂದಿಲ್‌ಗೆ ಮುಖ ಸಣ್ಣಗಾಗುತ್ತಿತ್ತು. ಆಮೇಲೆ ಅವರೇ, "ಇವತ್ತು ರಜೆ ಮಾಮ, ಬಡ್ಡಿ ಇಲ್ಲ, ಒರಗಿ ಕೂತ್ಕೊಳ್ಳಿ," ಎನ್ನಲು ಕಲಿತರು. ಕಾರ್ಡುಗಳನ್ನು ನಾನು ಕತ್ತರಿಸಲು ಹೊರಟರೆ ಅಕ್ಕ, "ಕತ್ರಿಸಿದ್ರೆ ಕಡನ್ ತೀರ್ತದಾ? ಒಳ್ಳೆ ಗಟ್ಟಿ ಅಟ್ಟೆ, ಏನಕ್ಕಾದ್ರೂ ಆಗ್ತದೆ," ಎಂದು ಕಿತ್ತುಕೊಂಡಳು. ಒಂದರಲ್ಲಿ ಮಾಮ ಸನಿಕೆಗೆ ಮೆತ್ತಿದ ಕೆಸರು ಕೆರೆಯುತ್ತಿದ್ದರು. ಅದು ನಮ್ಮ ಮನೆಗೆ ಬಂದ ಮೇಲೆ ಮಾಡಿದ ಮೊದಲ ಪ್ರಯೋಜನದ ಕೆಲಸ.

ಇಲ್ಲಿ ಅಕ್ಕನ ಬಗ್ಗೆ ಸ್ವಲ್ಪ ಹಿಂದಕ್ಕೆ ಹೋಗಬೇಕು. ನಾವು ಹುಟ್ಟಿದ್ದು ಆಂಡಿಪಟ್ಟಿಯ ಕಡೆಯ ಒಂದು ಹಳ್ಳಿಯಲ್ಲಿ. ಅದು ಮಳೆ ಬಂದರೆ ಬೆಳೆ ಎಂಬ ಸೀಮೆ. ಮುಖ ತೊಳೆದ ನೀರನ್ನು ಮುರುಂಗೆ ಗಿಡದ ಬುಡಕ್ಕೆ ಹಾಕದಿದ್ದರೆ ನಮ್ಮ ಅವ್ವ ತಲೆಗೆ ಮೊಟಕುತ್ತಿದ್ದಳು. ಅಕ್ಕನಿಗೆ ಮದುವೆಯಾದಾಗ ನಾನು ಎರಡನೆಯ ಕ್ಲಾಸು. ಮದುವೆಯ ವ್ಯಾನು ಹೊರಟಾಗ ಅದರ ಹಿಂದೆ ಓಡಿ ಮೊಣಕಾಲು ತರಚಿಕೊಂಡೆನಂತೆ. ಓಡಿದ್ದು ಮರೆತಿದ್ದೇನೆ, ಗಾಯದ ಕಲೆ ಈಗಲೂ ಇದೆ. ಮೊದಲ ಸಲ ಅಕ್ಕನ ಊರಿಗೆ ಹೋದಾಗ, ಯಾರೂ ಸೇದದೆ, ಯಾರೂ ಸಾಲಿನಲ್ಲಿ ನಿಲ್ಲದೆ, ನೀರು ತನ್ನಷ್ಟಕ್ಕೆ ತಾನೇ ಕಾಲುವೆಯಲ್ಲಿ ಹೋಗುತ್ತಿರುವುದನ್ನು ಕಂಡು ಬೆರಗಾಗಿ, ಸಂಜೆಯವರೆಗೆ ಅದರಲ್ಲಿ ಕಾಲು ಇಳಿಬಿಟ್ಟು ಕೂತಿದ್ದೆ. ನಾನು ಹತ್ತನೆಯ ತರಗತಿಯಲ್ಲಿದ್ದಾಗ ಅವ್ವ ತೀರಿಕೊಂಡಳು. ಅಕ್ಕ ಬಂದಳು, ಕೆಲವು ದಿನ ಇದ್ದಳು, ತನ್ನ ಮನೆಗೆ ಹೋದಳು. ಆಮೇಲೆ ಹಬ್ಬಕ್ಕೆ, ಮದುವೆಗೆ, ಸಾವಿಗೆ ಸೇರುತ್ತಿದ್ದೆವು. ನನಗೊಬ್ಬಳು ಅಕ್ಕ ಇದ್ದಾಳೆ ಎಂದು ಎಲ್ಲರಿಗೂ ಹೇಳುತ್ತಿದ್ದೆನೇ ಹೊರತು, ಒಂದೇ ಸೂರಿನ ಕೆಳಗೆ ಅವಳ ಜತೆ ಬಾಳಿದ ನೆನಪು ನನಗಿರಲಿಲ್ಲ.

ಅದನ್ನು ನನಗೆ ಕೊಟ್ಟದ್ದು ಕ್ರೆಡಿಟ್ ಕಾರ್ಡ್. ಬ್ಯಾಂಕಿನವರ ಜಾಹೀರಾತಿನಲ್ಲಿ ಈ ಸೌಲಭ್ಯ ಇರಲಿಲ್ಲ.

ಬೆಳಿಗ್ಗೆ ನಾವು ಮೂವರೂ ಚಿನ್ನಮನೂರಿನ ಟೌನ್ ಬಸ್ ಹತ್ತಿ, ಅಲ್ಲಿಂದ ಇನ್ನೊಂದರಲ್ಲಿ ತೇನಿಗೆ ಹೋಗುತ್ತಿದ್ದೆವು. ಟೌನ್ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ ಇಲ್ಲ. ಆದ್ದರಿಂದ ನಮ್ಮ ಸಂಸಾರದಲ್ಲಿ ದುಡ್ಡು ಖರ್ಚಾಗುವುದು ಗಂಡಸಿನಿಂದ ಮಾತ್ರ ಎಂದು ನಾನು ಸೆಂದಿಲ್‌ಗೆ ಹೇಳುತ್ತಿದ್ದೆ. ಬೈಕ್ ಇದ್ದಾಗ ಅವರ ಬೆನ್ನನ್ನಷ್ಟೇ ನೋಡುತ್ತಿದ್ದವಳು, ಈಗ ಪಕ್ಕದಲ್ಲಿ ಕೂತು ಮುಖ ನೋಡಿದೆ. ಕಿವಿಯ ಹತ್ತಿರ ಕೂದಲು ನರೆತಿದ್ದವು, ನನಗೆ ಗೊತ್ತೇ ಇರಲಿಲ್ಲ. ಸಂಬಳ ಬಂದ ದಿನವೇ ಕಂತು ಹೋಗುತ್ತಿತ್ತು. ಉಳಿದದ್ದರಲ್ಲಿ ಮಗಳ ಫೀಸು, ನಮ್ಮ ಪಾಲಿನ ದಿನಸಿ. ರೇಷನ್ ಅಕ್ಕಿ, ಮಾಮನ ಬೀಟ್‌ರೂಟ್. ಬೀಟ್‌ರೂಟ್ ಪಲ್ಯ, ಬೀಟ್‌ರೂಟ್ ಸಾರು, ಬೀಟ್‌ರೂಟ್ ಚಟ್ನಿ. ಒಂದು ದಿನ ಯಾಳಿನಿ ಬಿಳಿಯ ಅನ್ನ ನೋಡಿ, "ಏನಿದು, ಬಣ್ಣ ಓಗ್ಬಿಟ್ಟದೆ?" ಎಂದು ನಮ್ಮ ಮಾತಿನಲ್ಲೇ ಕೇಳಿದಳು. ಅದುವರೆಗೆ ನಾನು ಕನ್ನಡದಲ್ಲಿ ಕೇಳಿದರೆ ತಮಿಳಿನಲ್ಲಿ ಉತ್ತರ ಕೊಡುತ್ತಿದ್ದ ಮಗು. ಬೇಳೆಯ ಪಾತ್ರೆಗೆ ಟವೆಲ್ ಮುಚ್ಚುವುದನ್ನೂ ನಾನು ಅಕ್ಕನಿಂದ ಕಲಿತದ್ದು ಆಗಲೇ.

ಅಕ್ಕ ನನ್ನನ್ನು ಬೈಯುತ್ತಿದ್ದಳು. ಈರುಳ್ಳಿ ದಪ್ಪ ಹೆಚ್ಚಿದರೆ, ಪಾತ್ರೆ ಬೋರಲು ಹಾಕದಿದ್ದರೆ, ತಲೆ ಬಾಚದೆ ಬಾಗಿಲಿಗೆ ಬಂದರೆ. ಮೂವತ್ತೈದು ದಾಟಿದ ಟೀಚರನ್ನು ಮಗುವಿನ ಎದುರೇ, "ಅವ್ವ ನಿಂಗೆ ಏನೂ ಕಲಿಸ್ನಿಲ್ಲ," ಎಂದು ಬೈಯುವಳು. ಬೈದು ಮುಗಿದ ಮೇಲೆ ತಾನೇ ಸುಮ್ಮನಾಗಿ, "ಪಾಪ, ಅವ್ಳಿಗೆ ಪುರುಸೊತ್ತು ಎಲ್ಲಿತ್ತು," ಎನ್ನುವಳು. ಆಮೇಲೆ ಅವ್ವನ ಮಾತು ಶುರುವಾಗುತ್ತಿತ್ತು.

ಭಾನುವಾರ ನಾವಿಬ್ಬರೂ ಬಟ್ಟೆಯ ಗಂಟು ಹೊತ್ತು ಕಾಲುವೆಗೆ ಹೋಗುತ್ತಿದ್ದೆವು. ಒಮ್ಮೆ ಅಲ್ಲಿ ಹಾಸುಗೆಯ ಚಾದರವನ್ನು ಇಬ್ಬರೂ ಒಂದೊಂದು ತುದಿ ಹಿಡಿದು ಹಿಂಡುತ್ತಿದ್ದಾಗ ಅಕ್ಕ ಇದ್ದಕ್ಕಿದ್ದಂತೆ ನಗಲು ಶುರುಮಾಡಿದಳು.

"ಏನಕ್ಕ?"

"ನೀ ಒಟ್ಟೇಲಿರೋವಾಗ ಅವ್ವಂಗೆ ದ್ರಾಕ್ಷಿ ಮೇಲೆ ಆಸೆ ಬಂತು. ನಮ್ಮ ಸೀಮೇಲಿ ದ್ರಾಕ್ಷಿ ಎಲ್ಲೈತೆ? ಅಪ್ಪಂಗೆ ಹೇಳಕ್ಕೆ ನಾಚ್ಕೆ. ತೇನಿ ಆಸ್ಪತ್ರೆಗೆ ಓಗ್ತೀನಿ ಅಂತ ನನ್ನ ಕರ್ಕೊಂಡು ಬಸ್ ಅತ್ತಿದ್ಳು. ತೇನೀಲಿ ಇಳೀಲೇ ಇಲ್ಲ. ನೆಟ್ಟಗೆ ಚಿನ್ನಮನೂರು."

"ಆಮೇಲೆ?"

"ಬಸ್‌ಸ್ಟ್ಯಾಂಡಾಗೆ ಒಬ್ಳು ಅಜ್ಜಿ ಬುಟ್ಟಿ ಇಟ್ಕೊಂಡು ಕೂತಿದ್ಳು. ಕರೀ ಪನ್ನೀರ್ ದ್ರಾಕ್ಷಿ. ಅವ್ವನತ್ರ ವಾಪಸ್ ಬರಕ್ಕೆ ಬಸ್ಸಿನ ದುಡ್ಡು ಅಷ್ಟೇ. ನೋಡ್ತಾ ನಿಂತ್ಲು, ನಿಂತ್ಲು. ಆ ಅಜ್ಜಿ ಅವ್ವನ ಒಟ್ಟೆ ನೋಡಿ, ಎತ್ಕೊಮ್ಮಾ, ದುಡ್ಡು ಇನ್ನೊಂದ್ಸಲ ಕೊಡು, ಅಂದ್ಲು. ಅವ್ವ ಅಲ್ಲೇ ನೆಲದ ಮೇಲೆ ಕೂತು ಒಂದು ಗೊಂಚಲು ಪೂರ್ತಿ ತಿಂದ್ಳು. ನಂಗೆ ನಾಕು ಅಣ್ಣು ಕೊಟ್ಳು, ಅಷ್ಟೇ."

"ದುಡ್ಡು ಕೊಟ್ಳಾ?"

"ಮುಂದಿನ ಸಂತೆಗೆ ಮುರುಂಗೆಕಾಯಿ ಮಾರಿ, ಅದ್ಕೇ ಬಸ್ ಮಾಡ್ಕೊಂಡು ಬಂದು ಕೊಟ್ಳು. ದ್ರಾಕ್ಷಿಗಿಂತ ಬಸ್ ಚಾರ್ಜೇ ಜಾಸ್ತಿ ಆಯ್ತು," ಎಂದು ಅಕ್ಕ ಚಾದರದ ತುದಿ ಜೋರಾಗಿ ತಿರುಚಿದಳು. "ಬಡ್ಡಿ ಅಂದ್ರೆ ಅದೇ ಅಲ್ವಾ? ನೀ ಉಟ್ಟಕ್ಕೆ ಮುಂಚೇನೇ ಕಡನ್‌ಕಾರಿ."

ಅವ್ವ ನನ್ನ ಪಾಲಿಗೆ ಸದಾ ದಣಿದ ಹೆಂಗಸು. ಕೊಡ ಹೊತ್ತವಳು, ಕೆಮ್ಮುವವಳು. ಆಸೆಗೆಂದು ಸುಳ್ಳು ಹೇಳಿ ಬಸ್ ಹತ್ತಿದ ಅವ್ವನನ್ನು ನಾನು ಮೊದಲು ನೋಡಿದ್ದು ಆ ಕಾಲುವೆಯ ಕಲ್ಲಿನ ಮೇಲೆ. ಚಾದರದಲ್ಲಿ ಹಿಂಡಲು ನೀರು ಉಳಿದಿರದಿದ್ದರೂ ನಾವಿಬ್ಬರೂ ಅದನ್ನು ಹಿಡಿದುಕೊಂಡೇ ನಿಂತಿದ್ದೆವು.

ಎಲ್ಲವೂ ನಗುವಿನಲ್ಲೇ ನಡೆಯಿತು ಎಂದುಕೊಳ್ಳಬೇಡಿ. ಎರಡನೆಯ ವರ್ಷ ಒಂದು ಸಂಜೆ ಸೆಂದಿಲ್ ಭುಜದ ಮೇಲೆ ದೊಡ್ಡ ಡಬ್ಬ ಹೊತ್ತು ಬಸ್ಸಿನಿಂದ ಇಳಿದರು. ಇಡ್ಲಿ ಹಿಟ್ಟು ರುಬ್ಬುವ ಗ್ರೈಂಡರ್. ಅಕ್ಕ ಹಿತ್ತಲ ಒರಳಿನಲ್ಲಿ ರುಬ್ಬುವಾಗ ಭುಜ ನೋವೆಂದು ಆಗಾಗ ಕೈ ನೀವಿಕೊಳ್ಳುತ್ತಿದ್ದುದನ್ನು ಅವರು ನೋಡಿದ್ದರು. ಅಕ್ಕ ಡಬ್ಬವನ್ನೇ ನೋಡಿದಳು.

"ದುಡ್ಡು ಕೊಟ್ಟು ತಂದ್ರಾ ತಂಬಿ, ಕಡನ್‌ಗೆ ತಂದ್ರಾ?"

"ವಾರಕ್ಕೆ ಸ್ವಲ್ಪ ಸ್ವಲ್ಪ ಕಟ್ಟಿದ್ರೆ ಆಯ್ತು ಅತ್ಗೆ. ಚಿನ್ನಮನೂರಲ್ಲಿ ಗೊತ್ತಿರೋ ಅಂಗಡಿ."

ಅಕ್ಕ ಕೂಗಾಡಲಿಲ್ಲ. ಎದ್ದು ಒಳಗೆ ಹೋದಳು. ಆ ಸಂಜೆ ಬಡಿಸಿದಳು, ಮಾತಾಡಲಿಲ್ಲ. ಮರುದಿನವೂ ಇಲ್ಲ. ನಾವು ಬಂದ ಮೇಲೆ ಆ ಮನೆಯಲ್ಲಿ ಮೊದಲ ಸಲ ಪಾತ್ರೆಗಳ ಸದ್ದು ಕೇಳಿಸಿತು. ಇನ್ನು ಇಲ್ಲಿ ಇರಲಾಗದು, ಬೇರೆ ಎಲ್ಲಿಗೆ ಹೋಗುವುದು ಎಂದು ನನಗೆ ಚಿಂತೆ ಹತ್ತಿತು. ಮೂರನೆಯ ದಿನ ಬೆಳಿಗ್ಗೆ ಅಕ್ಕ ಜಗಲಿಗೆ ಬಂದು ಸೆಂದಿಲ್‌ರ ಎದುರು ನಿಂತಳು.

"ತಂಬಿ, ನಾನು ನಿಮ್ಮತ್ರ ವಾಡಗೆ ಕೇಳಿದ್ನಾ?"

"ಇಲ್ಲ ಅತ್ಗೆ."

"ಮತ್ತೆ ಯಾಕೆ ಕೊಡ್ತೀರಿ? ಇದು ವಾಡಗೇನೇ. ಇದ್ಕೆ ನೀವು ಮತ್ತೆ ಕಡನ್‌ಕಾರ ಆಗ್ಬೇಕಾ?"

ಸೆಂದಿಲ್ ನೆಲ ನೋಡುತ್ತಾ, "ನಾಚ್ಕೆ ಆಗ್ತದೆ ಅತ್ಗೆ. ದಿನಾ ಬಂದು ಸುಮ್ನೆ ಉಂಡು ಏಳ್ತೀನಿ," ಎಂದರು. ನನ್ನ ಹತ್ತಿರ ಅವರು ಈ ಮಾತು ಎಂದೂ ಆಡಿರಲಿಲ್ಲ.

ಅಕ್ಕನ ಮುಖ ಇಳಿಯಿತು. ಅವಳಿಗೂ ಇದು ಗೊತ್ತಿರಲಿಲ್ಲ ಎಂದು ಕಾಣುತ್ತದೆ. ಸೆರಗಿನಿಂದ ಸೋಫಾದ ಧೂಳು ಒರೆಸುತ್ತಾ ನಿಂತಳು. ಕೊನೆಗೆ, "ನಾಚ್ಕೆ ಆದ್ರೆ ಬಂದು ಗುಂಡು ತಿರುಗ್ಸಿ," ಎಂದಳು.

ಗ್ರೈಂಡರ್ ಅಂಗಡಿಗೆ ವಾಪಸು ಹೋಯಿತು. ಅಂದಿನಿಂದ ಪ್ರತಿ ಭಾನುವಾರ ಸೆಂದಿಲ್ ಪಂಚೆ ಎತ್ತಿ ಕಟ್ಟಿ ಒರಳಿನ ಮುಂದೆ ಕೂರತೊಡಗಿದರು. ಗಂಡಸು ಇಡ್ಲಿ ಹಿಟ್ಟು ರುಬ್ಬುವುದನ್ನು ನೋಡಲು ಅಕ್ಕಪಕ್ಕದ ಹೆಂಗಸರು ಒಂದಲ್ಲ ಒಂದು ನೆಪ ಮಾಡಿಕೊಂಡು ಬರುತ್ತಿದ್ದರು. ಒಬ್ಬಳಂತೂ ತನ್ನ ಉದ್ದನ್ನೂ ನೆನೆಸಿ ತಂದಳು. ಸೆಂದಿಲ್ ಅದನ್ನೂ ರುಬ್ಬಿಕೊಟ್ಟರು. ಅವರ ಬೆನ್ನು ನೆಟ್ಟಗಾದದ್ದು ಆ ಒರಳಿನ ಮುಂದೆ ಬಗ್ಗಿ ಕೂತ ಮೇಲೆ.

ಕೊನೆಯ ಕಂತು ಹೋದ ಸಂದೇಶ ನಮಗೆ ಬಂದದ್ದು ಬಸ್ಸಿನಲ್ಲಿ. ಸೆಂದಿಲ್ ಫೋನನ್ನು ನನ್ನ ಕಡೆ ತಿರುಗಿಸಿದರು. ನಾನು ಓದಿದೆ. ಕಿಟಕಿಯಾಚೆ ತೆಂಗಿನ ತೋಟಗಳು ಒಂದಾದ ಮೇಲೊಂದು ಹಿಂದಕ್ಕೆ ಹೋಗುತ್ತಿದ್ದವು. ಈ ದಿನ ಬಂದಾಗ ಕುಣಿಯುತ್ತೇನೆ ಎಂದುಕೊಂಡಿದ್ದವಳಿಗೆ, ಪರೀಕ್ಷೆ ಮುಗಿದು ಹಾಸ್ಟೆಲ್ ಖಾಲಿ ಮಾಡಬೇಕಾದ ಹುಡುಗಿಗೆ ಆಗುವಂಥದ್ದೇನೋ ಆಯಿತು. ಇಳಿಯುವ ಮುಂಚೆ ಸೆಂದಿಲ್, "ಅತ್ಗೆಗೆ ನಿಧಾನವಾಗಿ ಹೇಳಣ," ಎಂದರು. ನಾನೂ ಅದನ್ನೇ ಹೇಳಬೇಕೆಂದಿದ್ದೆ.

ವಾರಗಳು ಕಳೆದವು. ನಾವು ಹೇಳಲಿಲ್ಲ. ಅಕ್ಕ ಒಂದು ದಿನ ಮುರುಂಗೆ ಸೊಪ್ಪು ಬಿಡಿಸುತ್ತಾ, ತಲೆ ಎತ್ತದೆ ಹೇಳಿದಳು.

"ತೇನೀಲಿ ಒಂದು ಮನೆ ಐತೆ. ನಿಮ್ ಮಾಮನ ಕಡೆಯೋರ್ದು. ವಾಡಗೆ ಕಮ್ಮಿ. ಸ್ಕೂಲ್‌ಗೆ ನಡ್ಕೊಂಡೇ ಓಗ್ಬೋದು."

"ಯಾಕಕ್ಕ?"

"ಕಡನ್ ತೀರ್ತಲ್ಲ."

"ಯಾರಂದ್ರು?"

"ಒಂದು ತಿಂಗ್ಳಿಂದ ಇಬ್ರೂ ನನ್ ಮುಖ ನೋಡ್ತಾ ಇಲ್ಲ. ಅಷ್ಟೂ ಗೊತ್ತಾಗಲ್ವಾ?"

"ಇನ್ನೊಂದು ವರ್ಷ ಇರ್ತೀವಿ ಅಕ್ಕ. ದುಡ್ಡು ಸ್ವಲ್ಪ ಸೇರ್ಲಿ."

ಅಕ್ಕ ಸೊಪ್ಪಿನ ಕಡ್ಡಿಗಳನ್ನು ಒಟ್ಟುಮಾಡಿ ಪಕ್ಕಕ್ಕೆ ಸರಿಸಿದಳು. "ಯಾಳಿನಿ ಪಾಪಗೆ ದಿನಾ ಬಸ್ಸಿನಾಗೇ ನಿದ್ದೆ. ತಂಬಿಗೆ ತನ್ ಮನೆ ಅಂತ ಒಂದು ಬೇಡ್ವಾ? ಇಷ್ಟ ಇದ್ದಾಗ್ಲೇ ಓಗದು ಚೆಂದ ಮಗೇಸು. ಆಮೇಲೆ ನಾನೇ ಏನಾದ್ರೂ ಅಂದ್ಬಿಡ್ತೀನಿ. ಓಗು," ಎಂದಳು. ಆಮೇಲೆ ಸೊಪ್ಪಿನ ಮೊರ ಎತ್ತಿಕೊಂಡು ಹಿತ್ತಲಿಗೆ ಹೋದವಳು ಬಹಳ ಹೊತ್ತು ಒಳಗೆ ಬರಲಿಲ್ಲ.

ನಾವು ಬಂದುಬಿಟ್ಟೆವು. ಫ್ರಿಜ್ ನಮ್ಮ ಜತೆ ಬಂತು, ಸೋಫಾ ಮಾಮನ ಹತ್ತಿರ ಉಳಿಯಿತು. ಈ ಮನೆ ಚೆನ್ನಾಗಿದೆ, ಗಾಳಿ ಬರುತ್ತದೆ, ಬಾಡಿಗೆಯೂ ಕಮ್ಮಿ. ಯಾಳಿನಿ ಮತ್ತೆ ತಮಿಳಿನಲ್ಲೇ ಉತ್ತರ ಕೊಡುತ್ತಾಳೆ. ಇಲ್ಲಿ ನನ್ನನ್ನು ಯಾರೂ ಬೈಯುವುದಿಲ್ಲ. ಈರುಳ್ಳಿಯನ್ನು ನನಗೆ ಬೇಕಾದಷ್ಟು ದಪ್ಪಕ್ಕೆ ಹೆಚ್ಚಬಹುದು.

ಅಕ್ಕನ ಮನೆಗೆ ಹೋಗುತ್ತೇವೆ, ಹೋಗದೆ ಏನು, ಒಂದು ಗಂಟೆಯ ದಾರಿ. ಆದರೆ ಅಲ್ಲಿ ಈಗ ನಾನು ನೆಂಟಳು. ಹೋದ ತಕ್ಷಣ ಪ್ಲಾಸ್ಟಿಕ್ ಕುರ್ಚಿ ಬರುತ್ತದೆ. ಕೈ ಒರೆಸಲು ಪೆಟ್ಟಿಗೆಯಿಂದ ಹೊಸ ಟವೆಲ್ ಬರುತ್ತದೆ. ನನಗೆಂದು ಕೋಳಿ, ನನಗೆಂದು ವಡೆ. ತಟ್ಟೆ ತೊಳೆಯಲು ಎದ್ದರೆ, "ಬಿಡು ಬಿಡು, ನೀ ಕೂತ್ಕೋ," ಎನ್ನುತ್ತಾಳೆ. ಅಷ್ಟು ಮೃದುವಾಗಿ ಅವಳು ನನ್ನ ಹತ್ತಿರ ಮಾತಾಡುವಾಗ, ಎದ್ದು ಓಡಿಹೋಗೋಣ ಎನಿಸುತ್ತದೆ.

ಕಳೆದ ಸಲ ಹಾಗೆಯೇ ಕುರ್ಚಿಯಲ್ಲಿ ಕೂತಿದ್ದೆ. ಅಕ್ಕ ನೆಲದ ಮೇಲೆ ಕೂತು ತೆಂಗಿನಕಾಯಿ ತುರಿಯುತ್ತಾ, ಊಟ ಸೇರಿತಾ, ನಿದ್ದೆ ಬರುತ್ತದಾ ಎಂದು ನೆಂಟರನ್ನು ಕೇಳುವುದನ್ನೆಲ್ಲ ಕೇಳುತ್ತಿದ್ದಳು. ನನಗೆ ತಡೆಯಲಾಗಲಿಲ್ಲ. ಯೋಚನೆ ಮಾಡಿ ಆಡಿದ ಮಾತಲ್ಲ, ಬಾಯಿಗೆ ಬಂದುಬಿಟ್ಟಿತು.

"ಅಕ್ಕ, ಒಂದೈನೂರು ರೂಪಾಯಿ ಕಡನ್ ಕೊಡ್ತಿಯಾ? ಸಂಬಳ ಬಂದ್ಮೇಲೆ ಕೊಡ್ತೀನಿ."

ನನ್ನ ಪರ್ಸಿನಲ್ಲಿ ದುಡ್ಡಿತ್ತು. ಅಕ್ಕನ ಕೈ ನಿಂತಿತು. ಅವಳು ತಲೆ ಎತ್ತಿ ನನ್ನನ್ನು ನೋಡಿದ ನೋಟದಲ್ಲಿ ಒಂದು ಕ್ಷಣ ನಿಜವಾದ ಭಯವಿತ್ತು. ಅದನ್ನು ನೋಡಿ ನನಗೆ ಪಾಪಪ್ರಜ್ಞೆಯಾಯಿತು. ಆದರೆ ಅದರ ಹಿಂದೆಯೇ ಬಂತು ನೋಡಿ!

"ಬುದ್ದಿ ಐತಾ ನಿಂಗೆ? ಮತ್ತೆ ಶುರುಮಾಡ್ದಾ? ಇಪ್ಪತ್ತನೇ ತಾರೀಕಿಗೇ ಕೈ ಖಾಲಿ ಮಾಡ್ಕೊಂಡು ಕೂರ್ತಿಯಲ್ಲ, ಏನ್ ತಂದೆ? ಈ ಸೀರೆನಾ? ಇದ್ಕೆಷ್ಟು ಕೊಟ್ಟೆ? ಈ ಬಣ್ಣ ನಿಂಗೆ ಒಪ್ಪತದಾ? ಎದ್ದೇಳು, ಕುರ್ಚಿ ಮೇಲೆ ಮಾರಾಣಿ ತರ ಕೂತವ್ಳೆ. ಬಾ ಇಲ್ಲಿ, ಈ ಕಾಯಿ ತುರಿ!"

ನಾನು ಎದ್ದು ನೆಲಕ್ಕೆ ಇಳಿದೆ. ತುರಿಮಣೆ ಎಳೆದುಕೊಂಡೆ. ಅಕ್ಕ ಸೊಂಟದ ಚೀಲ ಬಿಚ್ಚಿ ಒಂದು ನೋಟು ತೆಗೆದು ನನ್ನ ಮಡಿಲಿಗೆ ಎಸೆದು, ಬೈಯುವುದನ್ನು ಮುಂದುವರಿಸಿದಳು. ಸಂಜೆ ಬಸ್ ಹತ್ತುವವರೆಗೂ ಬೈದಳು. ಹಾಗೆ ಹೊಟ್ಟೆ ತುಂಬಿ ನಾನು ತೇನಿಗೆ ಬಂದು ಎಷ್ಟೋ ದಿನವಾಗಿತ್ತು.

ಈಗ ಅಕ್ಕ ವಾರಕ್ಕೊಮ್ಮೆ ತಪ್ಪದೆ ಫೋನ್ ಮಾಡುತ್ತಾಳೆ. "ಎಲ್ಲಿ ನನ್ನ ಐನೂರು?" ಎಂದೇ ಮಾತು ಶುರು. ಮುಂದಿನ ತಿಂಗಳು ಎನ್ನುತ್ತೇನೆ. ಬೈಯುತ್ತಾಳೆ. ಆಮೇಲೆ ಕಾಲುವೆಗೆ ನೀರು ಬಿಟ್ಟರು ಎನ್ನುತ್ತಾಳೆ, ಮಾಮನಿಗೆ ಮೊಣಕಾಲು ನೋವು ಎನ್ನುತ್ತಾಳೆ, ಅವ್ವ ಮಾಡುತ್ತಿದ್ದ ಒಂದು ಸಾರು ನೆನಪಾಯಿತು ಎನ್ನುತ್ತಾಳೆ. ಇಷ್ಟಾದರೂ ನಾನು ಬ್ಯಾಂಕಿಗೆ ನಾಣಯವಾಗಿ ಕಟ್ಟಿದವಳು. ಮನಸ್ಸು ಚುಚ್ಚಿ, ಈ ಶುಕ್ರವಾರ ರಜೆ ಇದ್ದುದರಿಂದ ಹೋಗಿ, ಒಂದು ಹೊಸ ಐನೂರರ ನೋಟು ಅವಳ ಮುಂದೆ ಹಿಡಿದೆ.

ಅಕ್ಕ ನೋಟನ್ನು ನೋಡಿದಳು, ನನ್ನನ್ನು ನೋಡಿದಳು. ಕೈಯನ್ನು ಸೆರಗಿನ ಒಳಗೆ ಎಳೆದುಕೊಂಡಳು.

"ಇವತ್ತು ಬೇಡ. ವೆಳ್ಳಿಕಿಳಮೆ. ಶುಕ್ರವಾರ ದುಡ್ಡು ಈಸ್ಕೋಬಾರ್ದು."

ಶುಕ್ರವಾರ ದುಡ್ಡು ಕೊಡಬಾರದು ಎಂದು ನಾನು ಹುಟ್ಟಿದಾಗಿನಿಂದ ಕೇಳಿದ್ದೇನೆ. ಈಸಿಕೊಳ್ಳಬಾರದು ಎಂದು ಕೇಳಿದ್ದು ಇದೇ ಮೊದಲು.